ಇಷ್ಟದ ಕುಂಬಳಕಾಯಿ

ಬುಧವಾರ, ಸಂಜೆ

ಪ್ರೀತಿಯ ಅಮ್ಮ,

ಬೆಳಿಗ್ಗೆ ಅಣ್ಣ ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೊಟ್ಟುಹೋದ ಡಬ್ಬಿಗೆ ನೀನು ಎರಡು ರಬ್ಬರ್ ಬ್ಯಾಂಡ್ ಹಾಕಿದ್ದೆ. ಯಾವಾಗಲೂ ಒಂದೇ ಇರುತ್ತಿತ್ತು. ತೆರೆದರೆ ಮತ್ತೆ ಕುಂಬಳಕಾಯಿ, ಅದೂ ಮುಚ್ಚಳ ಎತ್ತುವಷ್ಟು. ವಾರವಾರವೂ ಒಬ್ಬಳು ಎಷ್ಟೂಂತ ತಿಂದಾಳು ಅಮ್ಮ? ನನಗೆ ಸಿಟ್ಟು ಬಂದಿದೆ. ನಿನ್ನ ಮೇಲೋ ನನ್ನ ಮೇಲೋ, ಬರೆಯುತ್ತಾ ಹೋದರೆ ಗೊತ್ತಾದೀತು.

ನಾನು ಕರಡು ತಿದ್ದುವ ಅಚ್ಚುಕೂಟದಲ್ಲಿ ಒಂದು ಕ್ಯಾಂಟೀನ್ ಇದೆಯಲ್ಲ, ಅಲ್ಲಿನ ಕಪ್ಪುಹಲಗೆಯ ಮೇಲೆ ದಿನದ ಊಟದ ಪಟ್ಟಿ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿದೆ. ಅಕ್ಷರ ದುಂಡಗಿದೆ, ಬೇಡ ಅನ್ನಲು ಬಾಯಿಲ್ಲ. ನಾನು ಮೊದಲು ಬರೆದದ್ದು ಹನ್ನೆರಡೂವರೆಗೇ ಖಾಲಿ. ಕೊನೆಗೆ ಬರೆದದ್ದು ಪಾತ್ರೆಯಲ್ಲೇ ಉಳಿಯುತ್ತದೆ. ಇವತ್ತು ಅಡುಗೆಯಾಕೆ ಸೌಟು ಆಡಿಸುತ್ತಾ, “ಇವರ್ಯಾರಿಗೂ ನಾಲಿಗೆನೇ ಇಲ್ಲ ಕಣಮ್ಮ. ಮುಂದಿನೋರ ತಟ್ಟೆ ನೋಡ್ತಾರೆ, ‘ನಂಗೂ ಅದೇ’ ಅಂತಾರೆ. ಮುಂದಿನೋರು ಕಲ್ಲು ಹಾಕಿಸ್ಕೊಂಡ್ರೆ ಇವರಿಗೂ ಕಲ್ಲೇ ಬಡಿಸ್ಬೇಕು!” ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಮಾತ್ರ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಿಂತಿದ್ದೆ.

ಯಾಕೆ ಗೊತ್ತೇ? ನೀನು ಮೊದಲ ಸಲ ಕುಂಬಳಕಾಯಿ ಬಡಿಸಿದ ದಿನ ನನಗೆ ಏಳು ವರ್ಷ. ಅಪ್ಪ “ಇದೇನು, ದನಕ್ಕೆ ಹಾಕೋದಾ?” ಎಂದು ತಟ್ಟೆ ತಳ್ಳಿ ಎದ್ದುಹೋದರು. ನೀನು ಸೌಟು ಹಿಡಿದವಳು ಹಾಗೇ ನಿಂತುಬಿಟ್ಟೆ. ನಿನ್ನ ಮುಖ ನೋಡಲಾಗದೆ ನಾನು ತಟ್ಟೆ ಚಾಚಿ, “ಚೆನ್ನಾಗಿದೆ ಅಮ್ಮ, ಇನ್ನೂ ಹಾಕು” ಅಂದೆ. ಅಷ್ಟೇ. ಆ ಒಂದು ಮಾತಿಗೆ ಹದಿನೈದು ವರ್ಷದ ಶಿಕ್ಷೆ! ಹುಟ್ಟಿದ ದಿನಕ್ಕೆ ಕುಂಬಳಕಾಯಿ, ಪಾಸಾದರೆ ಕುಂಬಳಕಾಯಿ, ಜ್ವರ ಬಿಟ್ಟರೂ ಕುಂಬಳಕಾಯಿ. ಬಂದವರ ಮುಂದೆಲ್ಲ ನೀನು, “ಇವಳಿಗೆ ಅದೊಂದಿದ್ರೆ ಸಾಕು” ಎನ್ನುವುದು, ನಾನು ಕೋಲೆಬಸವನ ಹಾಗೆ ತಲೆಯಾಡಿಸುವುದು.

ನನಗೆ ಅದು ಸೇರುವುದಿಲ್ಲ ಅಮ್ಮ. ಎಂದೂ ಸೇರಿದ್ದಿಲ್ಲ. ನಿನ್ನ ಡಬ್ಬಿಗಳನ್ನೆಲ್ಲ ಖಾಲಿ ಮಾಡುತ್ತಿದ್ದವಳು ಆ ಅಡುಗೆಯಾಕೆ. ಇದನ್ನು ಬರೆಯುವಾಗ ನಾನೂ ಅಪ್ಪನ ಹಾಗೆ ತಟ್ಟೆ ತಳ್ಳುತ್ತಿದ್ದೇನೆ ಅನಿಸಿ ಎರಡು ಹಾಳೆ ಹರಿದುಹಾಕಿದ್ದೇನೆ.

ಆದರೂ ಬರೆಯುತ್ತಿರುವುದು ಅಣ್ಣನ ಮಾತಿನಿಂದ. ಬೆಳಿಗ್ಗೆ ರೋಸಿಹೋಗಿ, ಇದನ್ನು ವಾಪಸ್ ಒಯ್ಯಿ, ಅಮ್ಮನೇ ತಿನ್ನಲಿ ಅಂದೆ. ಬೈಕಿನ ಮೇಲೆ ಕೂತೇ ಗಹಗಹಿಸಿ ನಕ್ಕ. “ಅಮ್ಮನಾ? ಅದರ ವಾಸನೆ ಬಂದ್ರೇ ಆಗಲ್ಲ ಅವಳಿಗೆ. ಮೂಗಿಗೆ ಬಟ್ಟೆ ಕಟ್ಕೊಂಡು ಬೇಯಿಸ್ತಾಳೆ. ಎಲ್ಲಾ ನಿನ್ನ ಚಪಲಕ್ಕೆ, ಹೊಟ್ಟೆಬಾಕಿ!”

ಹಾಗಾದರೆ ಅವತ್ತು ಅದನ್ನು ಮಾಡಿದ್ದಾದರೂ ಯಾರಿಗಾಗಿ? ಮದುವೆಯಾದ ಹೊಸದರಲ್ಲಿ ಅಪ್ಪನೂ ಸಂಕೋಚಕ್ಕೆ ಒಮ್ಮೆ “ಚೆನ್ನಾಗಿದೆ” ಅಂದಿದ್ದರೇ? ನಮ್ಮ ಮನೆಯಲ್ಲಿ ಯಾರಿಗೂ ಬೇಡದ ಕಾಯಿಯೊಂದು ಇಷ್ಟು ವರ್ಷ ರಾಜ್ಯವಾಳಿತಲ್ಲ ಅಮ್ಮ!

ಈಗಷ್ಟೇ ಬಾಯಿ ಬಂದ,
ನಿನ್ನ ಮಗಳು

ತಾ.ಕ.: ನಾಳೆ ಅಣ್ಣನ ಕೈಯಲ್ಲಿ ಡಬ್ಬಿ ಕಳಿಸುತ್ತೇನೆ, ಒಂದೇ ರಬ್ಬರ್ ಬ್ಯಾಂಡ್ ಹಾಕಿ. ಅದರಲ್ಲಿರುವುದು ಹುರಿದ ಬದನೆಕಾಯಿ, ನಾನೇ ಮಾಡಿದ್ದು. ನನಗೆ ನಿಜವಾಗಿ ಇಷ್ಟವಾದದ್ದು ಅದು. ನನ್ನ ಪಾಲಿಗೆ ಉಳಿಯಲಿ ಅಂತ ಹಲಗೆಯ ಮೇಲೆ ಅದನ್ನು ಯಾವಾಗಲೂ ಕೊನೆಗೇ ಬರೆಯುತ್ತೇನೆ. ತಿಂದು ನೋಡು. ಸೇರದಿದ್ದರೆ, ದಯವಿಟ್ಟು, ಚೆನ್ನಾಗಿದೆ ಅನ್ನಬೇಡ.