ಕರುವಿನ ಕುಣಿಕೆ

ನಂದಗುಡಿ ಹೋಬಳಿ
ಗೌರಿ ಹಬ್ಬ, ೧೯೪೭

ಚಿರಂಜೀವಿ ರಾಮಾಂಜಿನಪ್ಪನಿಗೆ,

ಚಿರಂಜೀವಿ ಎಂದು ಬರೆದೆ. ತೀರಿಹೋದವರಿಗೆ ಹಾಗೆ ಬರೆಯಬಾರದಂತೆ. ಬಾರದು ಎನ್ನುವವರು ಬಂದು ಅಳಿಸಲಿ ನೋಡೋಣ, ಕೈ ಮುರಿದು ಕಳಿಸುತ್ತೇನೆ. ನೀನು ತೊಟ್ಟಿಲಲ್ಲಿದ್ದಾಗಲೇ ಮದುವೆಯಾಗಿ ಇಲ್ಲಿಗೆ ಬಂದ ಅಕ್ಕ ನಾನು. ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಈ ಮನೆಗೆ ತಂದವಳೂ ನಾನೇ. ನಿನ್ನನ್ನು ಬೇರೆ ಏನೆಂದು ಕರೆಯಲಿ?

ನೀನು ಯುದ್ಧಕ್ಕೆಂದು ಸಮುದ್ರದಾಚೆ ಬಸ್ರಾದಲ್ಲಿದ್ದಾಗ ನನ್ನ ಕೈಯಾರೆ ಒಂದು ಕಾಗದವನ್ನೂ ಬರೆಯಲಿಲ್ಲ. ಮೂರನೇ ಕ್ಲಾಸಿನಲ್ಲೇ ಮೇಷ್ಟ್ರ ಕೈ ಕಚ್ಚಿ ಓಡಿಬಂದವಳು, ನನ್ನ ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿರುತ್ತದೆ. ಅದಕ್ಕೇ ಸ್ಕೂಲ್ ಮೇಷ್ಟ್ರ ಹತ್ತಿರ ಹೇಳಿ ಬರೆಸುತ್ತಿದ್ದೆ. ಆ ಮನುಷ್ಯ ನನ್ನ ಮಾತನ್ನೆಲ್ಲ ಒಗೆದು, ಹಿಂಡಿ, ಒಣಹಾಕಿ ಬರೆಯುತ್ತಿದ್ದ. "ಎಲ್ಲಿ ಹಾಳಾಗಿ ಹೋದೆಯೋ, ಯುದ್ಧ ಮುಗೀತಂತೆ, ಬಾರೋ" ಎಂದು ನಾನು ಹೇಳಿದರೆ, "ತಮ್ಮ ಆಗಮನವನ್ನು ನಿರೀಕ್ಷಿಸುತ್ತಿದ್ದೇವೆ" ಎಂದು ಬರೆದಿದ್ದನಂತೆ. ನೀನು ಅದನ್ನು ಓದಿ ನಕ್ಕೆ ಎಂದು ನಿನ್ನ ಸ್ನೇಹಿತ ಮಸ್ತಾನ್ ಹೇಳಿದ. ನಕ್ಕೆಯಲ್ಲ, ಅಷ್ಟು ಸಾಕು. ಇವತ್ತು ಮಾತ್ರ ನಾನೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಅಪ್ಪ ಕರು ಕಟ್ಟುತ್ತಿದ್ದ ಕುಣಿಕೆ ನಿನಗೆ ನೆನಪಿರಲೇಬೇಕು. ಕರು ಜಗ್ಗಿದಷ್ಟೂ ಬಿಗಿಯುತ್ತಿತ್ತು. ಹಗ್ಗದ ತುದಿಯನ್ನು ಮಡಿಕೆಯೊಳಗೆ ಅಡಗಿಸಿಬಿಡುತ್ತಿದ್ದ. ಆ ತುದಿಯನ್ನು ಹುಡುಕಿ ಒಂದು ಸಲ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಗಂಟು ಬಿಡಿಸುತ್ತಾ ಕೂರಲಿಕ್ಕೆ ಆಗುತ್ತದೆಯೇ ಎನ್ನುತ್ತಿದ್ದ. ಅದನ್ನು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಹೇಳಿಕೊಡಲಿಲ್ಲ. ತನ್ನ ತಮ್ಮ ಆವಲಪ್ಪನಿಗೂ ಇಲ್ಲ. ಎರವಲು ಒಯ್ದ ಹಸು ವಾಪಸು ಕೊಡದವನು ಎಂದು ಅವನ ಮೇಲೆ ಅಪ್ಪನಿಗೆ ಸಿಟ್ಟಿತ್ತು.

ನೀನು ಮಿಲ್ಟ್ರಿಗೆ ಸೇರಿ ಹೊರಟಾಗ ನಿನ್ನ ಟ್ರಂಕಿಗೆ ಕತ್ತಾಳೆ ನಾರಿನ ಹಗ್ಗ ಹೊಸೆದುಕೊಟ್ಟೆ. "ಬೀಗ ಐತಲ್ಲಕ್ಕಾ, ಹಗ್ಗ ಯಾಕೆ?" ಎಂದೆ ನೀನು. "ಬೀಗ ಅಂಗಡೀದು ಕಣೋ, ಕುಣಿಕೆ ನಮ್ಮಪ್ಪಂದು" ಎಂದೆ. ಬೀಗದ ಕೈಯನ್ನು ನಿನ್ನ ಉಡಿದಾರಕ್ಕೆ ಕಟ್ಟಿದವಳೂ ನಾನೇ. ಅಷ್ಟು ದೊಡ್ಡ ಗಂಡಸು, ನಾಚಿಕೆಯಿಂದ ಅಂಗಿ ಎತ್ತಿ ಹಿಡಿದು ಆ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದೆ.

ಹೋದ ವರ್ಷ ಮುಂಗಾರಿಗೆ ಮುಂಚೆ ಆ ಟ್ರಂಕು ಮನೆಗೆ ಬಂತು. ನೀನು ಬರಲಿಲ್ಲ.

ಹೊತ್ತು ತಂದವನು ಹೊಸಕೋಟೆಯ ಮಸ್ತಾನ್. ನಿನ್ನ ಜೊತೆ ಬಸ್ರಾದಲ್ಲಿ ಲಾರಿ ಓಡಿಸುತ್ತಿದ್ದವನು ಎಂದು ನಿನ್ನ ಕಾಗದಗಳಲ್ಲಿ ಹೆಸರು ಕೇಳಿದ್ದೆ, ಮುಖ ನೋಡಿರಲಿಲ್ಲ. ಅಂಗಳದಲ್ಲಿ ಟ್ರಂಕು ಇಳಿಸಿದ. ನೀರು ಕೊಟ್ಟರೆ ಕುಡಿಯಲಿಲ್ಲ. ಆಗಲೇ ನನಗೆ ತಿಳಿದುಹೋಯಿತು. ಹಡಗಿನಲ್ಲೇ ನಿನಗೆ ಜ್ವರ ಬಂತಂತೆ, ಅಲ್ಲೇ ಮುಗಿಯಿತಂತೆ, ಬೊಂಬಾಯಿ ಇನ್ನೇನು ಬಂತು ಎನ್ನುವಾಗ ನಿನ್ನನ್ನು ಗುಡಾರದ ಬಟ್ಟೆಯಲ್ಲಿ ಸುತ್ತಿ ನೀರಿಗೆ ಬಿಟ್ಟರಂತೆ. ಉಡಿದಾರ ಬಿಚ್ಚಬೇಡಿ ಎಂದು ಮಸ್ತಾನನೇ ಬೇಡಿಕೊಂಡನಂತೆ. ಒಳ್ಳೆಯದು ಮಾಡಿದ. ಬೀಗದ ಕೈ ನಿನ್ನ ಸಂಗಡವೇ ಹೋಯಿತು.

ನಾನು ಅಳಲಿಲ್ಲ ರಾಮಾಂಜಿ. ಕೋಪ ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಟ್ರಂಕಿನ ಕಡೆ ನೋಡಿದೆ. ಹಿಡಿಯ ಹತ್ತಿರ ನಿನ್ನ ಕುಣಿಕೆ ಇತ್ತು, ತುದಿ ಅಡಗಿಸಿ, ಅಪ್ಪನೇ ಹಾಕಿದ ಹಾಗೆ. ಆದರೆ ಅಲ್ಲಿಂದ ಒಂದು ಗೇಣು ಆಚೆಗೆ ಹಗ್ಗವನ್ನು ಕುಯ್ದಿದ್ದರು. ಕುಯ್ದು, ಯಾವನೋ ಮೂರ್ಖ ಎರಡು ಕಗ್ಗಂಟು ಹಾಕಿ ಮತ್ತೆ ಬಿಗಿದಿದ್ದ.

"ಇದೇನೋ ಇದು?" ಎಂದೆ.

ಮಸ್ತಾನ್ ತಲೆ ತಗ್ಗಿಸಿಯೇ ಹೇಳಿದ. ಹಡಗು ದಡ ಮುಟ್ಟುವ ಹಿಂದಿನ ಸಂಜೆ, ಕೈಚೀಲ ಬಿಟ್ಟು ಮಿಕ್ಕ ಪೆಟ್ಟಿಗೆಗಳನ್ನೆಲ್ಲ ಹೊರಗಿಡಬೇಕೆಂದು ಹುಕುಂ ಆಯಿತಂತೆ. ನಿನ್ನದನ್ನೂ ಇವನೇ ತಂದಿಟ್ಟನಂತೆ. "ಕುಣಿಕೆ ಮುಟ್ಟಿ ನೋಡೇ ಇಟ್ಟೆ ಅಕ್ಕಾ, ಸರಿಯಾಗಿತ್ತು." ಬೆಳಗಾದ ಮೇಲೆ ಪೆಟ್ಟಿಗೆಗಳನ್ನೆಲ್ಲ ಬಂದರಿನ ಕೊಟ್ಟಿಗೆಯಲ್ಲಿ ರಾಶಿ ಹಾಕಿದರು. ಅವರವರದನ್ನು ಅವರವರು ಗುರುತು ಹಿಡಿದು ತೆಗೆದುಕೊಂಡು ಹೋದರು. ನಿನ್ನದನ್ನು ಗುರುತು ಹಿಡಿಯಲು ನೀನಿರಲಿಲ್ಲ. ಇವನು ಕೈ ಹಾಕಿದರೆ, "ನಿನ್ನದಲ್ಲ, ನಿಲ್ಲು" ಎಂದರು. ರಾಶಿಯೆಲ್ಲ ಕರಗಿ ಅದೊಂದೇ ಉಳಿಯುವ ತನಕ ನಿಲ್ಲಿಸಿದರು. ಕೊನೆಗೆ ಕೈಗೆ ಬಂದಾಗ ಹಗ್ಗ ಹೀಗಿತ್ತು. ಕೇಳಿದ್ದಕ್ಕೆ, "ಬೀಗ ಐತಲ್ಲಯ್ಯಾ, ಹೋಗು" ಎಂದರಂತೆ.

"ನೀನಾದ್ರೂ ಬೀಗ ಒಡೆದು ನೋಡಬಾರ್ದಾಗಿತ್ತಾ?"

"ಹೆಂಗಕ್ಕಾ ನೋಡ್ಲಿ? ಅಕ್ಕನಿಗೆ ಅಂತ ಅವ್ನು ಏನೋ ಒಂದು ಬಟ್ಟೇಲಿ ಸುತ್ತಿಟ್ಟಿದ್ದ. ಏನೋ ಅದು ಅಂತ ಕೇಳಿದ್ರೆ ನಂಗೂ ತೋರಿಸ್ಲಿಲ್ಲ. ಅವಳೇ ಮೊದ್ಲು ನೋಡ್ಬೇಕು ಅಂದ."

ಅಷ್ಟು ಹೊತ್ತಿಗೆ ಅಂಗಳದ ತುಂಬ ಜನ. ಆವಲಪ್ಪ ಚಿಕ್ಕಪ್ಪ ಜಗಲಿ ಮೇಲೆ ಕೂತು, ಬೀಗ ಒಡೆಯಲು ಆಚಾರಿಗೆ ಹೇಳಿಕಳಿಸಿ ಎಂದು ಪಂಚಾಯ್ತಿ ಶುರುಮಾಡಿದ. ನನಗೆ ತಡೆಯಲಾಗಲಿಲ್ಲ. ಆ ಕಗ್ಗಂಟುಗಳನ್ನು ಕಿತ್ತು ಹಗ್ಗ ಬಿಸಾಡಿ, ಕಾಲೆತ್ತಿ ಟ್ರಂಕಿಗೆ ಜಾಡಿಸಿ ಒದ್ದೆ. ಬೀಗ ಬೀಗದ ಹಾಗೇ ಇತ್ತು, ಮುಚ್ಚಳ ಹಿಂದಿನಿಂದ ಕಳಚಿಕೊಂಡಿತು. ಕೀಲಿನ ಕಡ್ಡಿಗಳನ್ನು ಎಬ್ಬಿಸಿ ತೆಗೆದು, ಸುಮ್ಮನೆ ಮತ್ತೆ ಸಿಕ್ಕಿಸಿಟ್ಟಿದ್ದರು.

ಒಳಗೆ ಹಡಗಿನ ಕಲ್ಲಿದ್ದಲು. ಹಳೇ ಗೋಣಿ. ಎರಡು ಬೂಟು, ಎರಡೂ ಎಡಗಾಲಿನವು. ಭಾರ ಕಮ್ಮಿಯಾಗಬಾರದಲ್ಲ, ಅದಕ್ಕೆ.

"ಸಮುದ್ರ ದಾಟಿದೋನು ಅಕ್ಕನಿಗೆ ಭಾರಿ ಉಡುಗೊರೆನೇ ತಂದವ್ನೆ" ಎಂದು ಯಾರೋ ಹಿಂದಿನಿಂದ ಕಿಸಕ್ಕೆಂದರು. ಯಾರೆಂದು ಗೊತ್ತು. ಅವರ ಮನೆಯ ಎಮ್ಮೆ ನಮ್ಮ ಹೊಲಕ್ಕೆ ಬರಲಿ.

ಚಿಕ್ಕಪ್ಪ ಮಾತ್ರ ನಗಲಿಲ್ಲ. ಎಲೆಯಡಿಕೆ ಉಗಿದು, ಮೆಲ್ಲಗೆ ಕೇಳಿದ: "ಬೊಂಬಾಯಿಂದ ಇಲ್ಲೀಗಂಟ ಪೆಟ್ಟಿಗೆ ಯಾರ ಕೈಲಿತ್ತು ಪಿಳ್ಳಮ್ಮಾ? ಅದನ್ನ ಮೊದ್ಲು ಕೇಳು."

ಎಲ್ಲರೂ ಮಸ್ತಾನನ ಟೋಪಿಯ ಕಡೆ ನೋಡಿದರು. ನಾನೂ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಅವನು ಆಣೆ ಮಾಡಲಿಲ್ಲ, ಅಳಲಿಲ್ಲ. ಕುಯ್ದ ಹಗ್ಗದ ತುಂಡನ್ನು ಎತ್ತಿಕೊಂಡು ಜಗಲಿಯ ಕಂಬಕ್ಕೆ ಸುತ್ತಿದ. ಬೆರಳಾಡಿಸಿದ, ತುದಿ ಅಡಗಿಸಿದ. "ಬಿಚ್ಚಿ ಯಜಮಾನ್ರೇ" ಎಂದ.

ಚಿಕ್ಕಪ್ಪ ಎಳೆದ. ಬಿಗಿಯಿತು. ಇನ್ನೂ ಎಳೆದ, ಇನ್ನೂ ಬಿಗಿಯಿತು. ಹಲ್ಲು ಹಾಕಿದ. ಕೊನೆಗೆ, "ಲೇ, ಯಾರಾದ್ರೂ ಕುಡುಗೋಲು ತಗಂಬರ್ರೋ" ಎಂದ.

ಮಸ್ತಾನ್ ಒಂದು ಬೆರಳು ತೂರಿಸಿ ತುದಿ ಹಿಡಿದು ಎಳೆದ. ಹಗ್ಗ ಸರ್ರನೆ ಕೆಳಗೆ ಬಿತ್ತು.

"ಗೊತ್ತಿಲ್ಲದೋರು ಕುಯ್ತಾರೆ ಯಜಮಾನ್ರೇ. ನಂಗ್ಯಾಕೆ ಕುಡುಗೋಲು? ರಾಮಾಂಜಿ ಕಲಿಸಿದ್ದ."

ಚಿಕ್ಕಪ್ಪ ಟವೆಲ್ ಕೊಡವಿ ಎದ್ದುಹೋದ.

ನಿಜ ಹೇಳುತ್ತೇನೆ, ನನಗೆ ಆಗ ನಿನ್ನ ಮೇಲೆ ಹೊಟ್ಟೆಕಿಚ್ಚಿನಂಥ ಸಿಟ್ಟು ಬಂತು. ಅಪ್ಪ ಒಡಹುಟ್ಟಿದವನಿಗೂ ಕೊಡದ ಕುಣಿಕೆಯನ್ನು ನೀನು ಯಾರೋ ಹೊರಗಿನವನಿಗೆ ಕೊಟ್ಟಿದ್ದೆ. ಆಮೇಲೆ ಕುಣಿಕೆ ಹಾಕಿದ ಅವನ ಬೆರಳು ಕಣ್ಣ ಮುಂದೆ ಬಂತು. ಹಗ್ಗದ ತುದಿ ಒಳಗೆ ಹೋಗುವಾಗ ಕಿರುಬೆರಳು ಮೇಲೆತ್ತುತ್ತಾನೆ, ಥೇಟ್ ನಿನ್ನ ಹಾಗೆ. ಬೆರಳನ್ನೂ ಸೇರಿಸಿ ಕಲಿಸಿದ್ದೆಯಲ್ಲೋ ಕಳ್ಳ. ಆಗ ಅತ್ತೆ. ಒಳಗೆ ಹೋಗಿ, ಒರಳುಕಲ್ಲಿನ ಹತ್ತಿರ ಕೂತು.

ರಾಮಾಂಜಿ, ಆ ಬಟ್ಟೆಯಲ್ಲಿ ಏನಿತ್ತು?

ವರ್ಷದಿಂದ ಇದೊಂದೇ ನನ್ನ ತಲೆ ತಿನ್ನುತ್ತಿದೆ. ರಾಗಿ ಬೀಸುವಾಗ ಸೀರೆ ಇರಬೇಕು ಎನಿಸುತ್ತದೆ. ನೀನು ಹೊರಟ ದಿನ ನಾನು ಉಟ್ಟಿದ್ದ ಸೀರೆಯ ಸೆರಗು ಹರಿದಿತ್ತು, ನೀನು ಅದನ್ನೇ ನೋಡುತ್ತಿದ್ದೆ. ಗದ್ದೆಯಲ್ಲಿದ್ದರೆ, ಅಲ್ಲ, ಖರ್ಜೂರ ಎನಿಸುತ್ತದೆ. ಅಲ್ಲಿ ಬೀದಿ ತುಂಬ ಅದೇ ಮರ ಎಂದು ಬರೆದಿದ್ದೆ. ನೀನು ಚಿಕ್ಕವನಿದ್ದಾಗ ಸಂತೆಯಿಂದ ನನಗೆಂದು ಒಂದು ಕನ್ನಡಿ ತಂದು, ದಾರಿಯಲ್ಲಿ ಬೀಳಿಸಿ ಒಡೆದು, ಚೂರುಗಳನ್ನೇ ಮಡಿಲಿಗೆ ಹಾಕಿದ್ದೆ. ಅದನ್ನು ಮರೆಯದೆ ಇನ್ನೊಂದು ಕನ್ನಡಿ ತಂದೆಯೇನೋ. ಒಂದೊಂದು ದಿನ ಒಂದೊಂದು. ಏನೇ ಆಗಿರಲಿ, ಅಕ್ಕ ಮೊದಲು ನೋಡಬೇಕು ಎಂದು ಪ್ರಾಣ ಸ್ನೇಹಿತನಿಗೂ ತೋರಿಸದೆ ಇಟ್ಟೆ. ಮೊದಲು ನೋಡಿದವನು ಕಳ್ಳ.

ಅವನು ಸಿಕ್ಕಿದರೆ ನಾನು ಸಾಮಾನು ಕೇಳುವುದಿಲ್ಲ. ಇಟ್ಟುಕೊಳ್ಳಲಿ, ತಿನ್ನಲಿ, ಉಡಲಿ. ಏನಿತ್ತು ಅಂತ ಒಂದು ಮಾತು ಹೇಳಿ ಹೋಗೋ ಮುಂಡೇಮಗನೇ, ಅಷ್ಟೇ ಕೇಳುತ್ತೇನೆ.

ಹಾಲು ತುಪ್ಪ ಬಿಡಲು ನಿನಗೆ ಮಣ್ಣು ಇಲ್ಲ. ಟ್ರಂಕಿನಲ್ಲಿರುವುದನ್ನೇ ಹೊಲದಲ್ಲಿ ಹೂತು ಬಿಡೋಣ, ಶಾಸ್ತ್ರ ಆಗುತ್ತದೆ ಎಂದ ಚಿಕ್ಕಪ್ಪ. ಯಾವನದೋ ಎರಡು ಎಡಗಾಲಿನ ಬೂಟು ನಮ್ಮ ಹೊಲದಲ್ಲಿ ಮಲಗಬೇಕೇ, ಅದಕ್ಕೆ ನಾನು ಹಾಲು ಬಿಡಬೇಕೇ? ಆಗುವುದಿಲ್ಲ ಎಂದೆ. ಬೂಟು ತಿಪ್ಪೆಗೆ ಹೋಯಿತು. ಕಲ್ಲಿದ್ದಲು ಒಲೆಗೆ ಹೋಯಿತು, ಚೆನ್ನಾಗಿಯೇ ಉರಿಯಿತು.

ಹೊಸಕೋಟೆ ಕೆರೆ ಕೋಡಿ ಬಿದ್ದಾಗ ಮಸ್ತಾನ್ ಹೇಳಿಕಳಿಸಿದ. ಚೊಂಬಿನಲ್ಲಿ ಹಾಲು, ದೊನ್ನೆಯಲ್ಲಿ ತುಪ್ಪ ಹಿಡಿದು ಹೋದೆ. ನಿನ್ನ ಭಾವ ದಡದ ಮೇಲೆ ಕೊಡೆ ಹಿಡಿದು ನಿಂತಿದ್ದರು. ಪಿನಾಕಿನಿಯ ನೀರು, ಹರಿದು ಸಮುದ್ರಕ್ಕೆ ತಾನೇ ಹೋಗುವುದು. ಬಿಡಲು ಬಗ್ಗಿದಾಗ ಮಸ್ತಾನ್ ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಬೈಬೇಡ. ಈ ನೀರು ಮದ್ರಾಸ್ ಕಡೆ ಸಮುದ್ರಕ್ಕೆ ಹೋಗ್ತೈತೆ. ಅವ್ನು ಇರೋದು ಬೊಂಬಾಯಿ ಕಡೇದ್ರಾಗೆ."

"ಹೋಗ್ಲಿ ಬಿಡೋ. ಸುತ್ತಾಕ್ಕೊಂಡು ಹೋಗ್ತೈತೆ. ನೀವಿಬ್ರೂ ಹಡಗಿನಾಗೆ ಸುತ್ತಾಕ್ಕೊಂಡು ಹೋಗ್ಲಿಲ್ವಾ? ಹಾಲಿಗೇನು ಆತುರ?"

ಅವನು ನಕ್ಕ. ನಾನೂ ನಕ್ಕೆ. ನಗುತ್ತಲೇ ಬಿಟ್ಟೆ. ಬೆಳ್ಳಗೆ ಸ್ವಲ್ಪ ದೂರ ಕಂಡಿತು, ಆಮೇಲೆ ಕೆಂಪು ನೀರಿನಲ್ಲಿ ಬೆರೆತುಹೋಯಿತು. ಇಷ್ಟು ಹೊತ್ತಿಗೆ ತಲುಪಿರಬೇಕು. ತಲುಪಿತೇ?

ಇವತ್ತು ಗೌರಿ ಹಬ್ಬ. ಬೇರೆ ಹೆಂಗಸರಿಗೆಲ್ಲ ತವರಿನಿಂದ ಅರಿಶಿನ ಕುಂಕುಮ ಬಂತು. ನನ್ನ ತವರು ಎಂದರೆ ನೀನೊಬ್ಬನೇ. ಬಸ್ರಾದಿಂದಲೂ ತಪ್ಪಿಸದೆ ಮನಿಯಾರ್ಡರ್ ಕಳಿಸುತ್ತಿದ್ದೆ. ಹೋದ ವರ್ಷ ಬಾಗಿಲು ಹಾಕಿಕೊಂಡು ಮಲಗಿದ್ದೆ. ಈ ವರ್ಷವೂ ಹಾಗೇ ಎಂದುಕೊಂಡಿದ್ದೆ. ಇದ್ದಿಲು ಉರಿಸಿ ಓಡುವ ಬೆಳಗಿನ ಬಸ್ಸಿಗೆ ಮಸ್ತಾನ್ ಬಂದಿಳಿದ. ಮುಖಕ್ಕೆಲ್ಲ ಮಸಿ, ಕೈಯಲ್ಲಿ ಒಂದು ಬಟ್ಟೆಯ ಗಂಟು.

"ನೀನ್ಯಾಕೋ ತಂದೆ ಇದನ್ನ? ಊರು ಏನನ್ನುತ್ತೆ?"

"ಊರಿಗಲ್ಲ ತಂದಿದ್ದು. ನಮ್ಮಮ್ಮಿ ಕಳಿಸಿದ್ಲು."

ಅವನ ತಾಯಿ ಹಬೀಬುನ್ನೀಸಾ. ನಾನು ಆಕೆಯನ್ನು ಒಂದೇ ಸಲ ನೋಡಿದ್ದು. ನನ್ನ ಕೈ ಹಿಡಿದು ಕೂತಿದ್ದಳು, ಬಿಡಲೇ ಇಲ್ಲ. ಅವಳ ಮಗ ಹಡಗಿನಿಂದ ಇಳಿದು ಬಂದನಲ್ಲ.

"ಒಳಗೇನೈತೋ?"

"ನಂಗೊತ್ತಿಲ್ಲಕ್ಕಾ. ಅಮ್ಮಿನೇ ಸುತ್ತಿದ್ದು, ಕುಣಿಕೆ ಮಾತ್ರ ನಂದು. ನೀನೇ ಮೊದ್ಲು ನೋಡ್ಬೇಕು."

ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಬೈದು, ಕೂರಿಸಿ, ಒಬ್ಬಟ್ಟು ಬಡಿಸಿದೆ. ಸಾಕು ಸಾಕು ಎನ್ನುತ್ತಲೇ ನೀನು ತಿನ್ನುವಷ್ಟೇ ತಿಂದ. ಮಧ್ಯಾಹ್ನದ ಬಸ್ಸಿಗೆ ಹೋದ.

ಗಂಟು ನನ್ನ ಮುಂದೆ ಇದೆ. ಮುಟ್ಟಿಲ್ಲ. ಬಿಚ್ಚಿದರೆ ತವರಿನದು ಬಂತು ಎಂದಾಯಿತು. ತಂದವನು ನೀನಲ್ಲ ಎಂದೂ ಆಯಿತು. ಇಷ್ಟು ದಿನ ಮನಸ್ಸಿನ ಎಲ್ಲೋ ಒಂದು ಮೂಲೆಯಲ್ಲಿ, ಯಾರನ್ನೋ ನೀರಿಗೆ ಬಿಟ್ಟು ರಾಮಾಂಜಿ ಎಂದುಕೊಂಡಿದ್ದಾರೆ, ನೀನು ಬಂದರಿನಲ್ಲೇ ನಿಂತು ಪೆಟ್ಟಿಗೆ ಹುಡುಕುತ್ತಿದ್ದೀಯ ಎಂದುಕೊಂಡಿದ್ದೆ. ಅದನ್ನು ಯಾರಿಗೂ ಹೇಳಿಲ್ಲ. ನಿನ್ನ ಭಾವನಿಗೂ.

ಅದಕ್ಕೇ ನಿನ್ನನ್ನು ಕೇಳಿ ಬಿಚ್ಚೋಣ ಎಂದು ಈ ಕಾಗದ. ಕೇಳಿದ್ದಾಯಿತು. ನೀನು ಇಲ್ಲ ಎನ್ನುವವನಲ್ಲ. ಎನ್ನುವವನಾಗಿದ್ದರೆ ಅವನಿಗೆ ಕುಣಿಕೆ ಕಲಿಸುತ್ತಿರಲಿಲ್ಲ.

ಮಸ್ತಾನನ ಕುಣಿಕೆಯನ್ನು ಎಳೆಯುತ್ತೇನೆ. ಟ್ರಂಕಿನ ಹಿಡಿಯಲ್ಲಿ ಗೇಣುದ್ದ ಹಗ್ಗದಲ್ಲಿ ಉಳಿದಿರುವ ನಿನ್ನ ಕುಣಿಕೆಯನ್ನು ಮಾತ್ರ ಎಳೆಯುವುದಿಲ್ಲ. ಕಳ್ಳನಿಗೆ ಬಿಚ್ಚಲಾಗಲಿಲ್ಲ. ನನಗೆ ಬಿಚ್ಚಲು ಬರುತ್ತದೆ, ಬಿಚ್ಚುವುದಿಲ್ಲ.

ನೀನಿರುವ ಕಡೆ ನೀರು ತಣ್ಣಗಿರಲಿ, ಮೀನು ಮೊಸಳೆ ನಿನ್ನ ಗೊಡವೆಗೆ ಬಾರದಿರಲಿ. ಉಡಿದಾರದ ಬೀಗದ ಕೈ ಜೋಪಾನ ಕಣೋ. ಪೆಟ್ಟಿಗೆ ಇಲ್ಲೇ ನನ್ನ ಹತ್ತಿರ ಇದೆ.

ನಿನ್ನನ್ನು ಬೈಯುವ ಹಕ್ಕಿರುವ ಒಬ್ಬಳೇ ಅಕ್ಕ,
ಪಿಳ್ಳಮ್ಮ