ಮಂತ್ರಿಗಳ ಎತ್ತರದ ಕಂಬ

ನೇಸರಗಿ
೧೮-೧-೧೯೭೪

ವಿಮಾನ ನಿಲ್ದಾಣದ ಇಂಜಿನಿಯರ್ ಸಾಹೇಬರಿಗೆ ರೋಲರ್ ಡ್ರೈವರ್ ಶಟ್ಟೆಪ್ಪನ ನಮಸ್ಕಾರಗಳು.

ಉದ್ಘಾಟನೆಯ ದಿನ ಒಂದೂ ತಪ್ಪಾಗಬಾರದೆಂದು ನಾಳೆ ಮತ್ತೊಮ್ಮೆ ತಾಲೀಮು ಇಟ್ಟಿದ್ದೀರಿ. ಮಂತ್ರಿಗಳದೂ ನನ್ನದೂ ಒಂದೇ ಎತ್ತರವೆಂದು ಅವರ ಬದಲಿಗೆ ಈ ಸಲವೂ ನಾನೇ ವಿಮಾನದ ನಿಚ್ಚಣಿಕೆ ಇಳಿಯಬೇಕೆಂದು ಹೇಳಿ ಕಳಿಸಿದ್ದೀರಿ. ನಾನು ಬರುವುದಿಲ್ಲ.

ಸೋಮವಾರ ನಾನು ಇಳಿದಾಗ ಏನಾಯಿತೆಂದು ನೀವೂ ನೋಡಿದ್ದೀರಿ. ಆರತಿ ಹಿಡಿದಿದ್ದ ಗೌಡರ ಮನೆಯ ದೇವಕ್ಕ ತಟ್ಟೆ ಕೆಳಗಿಟ್ಟು ಸೆರಗು ಸರಿಮಾಡಿಕೊಳ್ಳುತ್ತ ನಿಂತರು. ಸ್ವಾಗತ ಸಮಿತಿಯ ನಿಜಗುಣಪ್ಪ ಗೌಡರು ಹಾರ ಹಿಡಿದುಕೊಂಡೇ, "ಇಂವಾ ಕೆಳಗಿನ ಕೇರಿಯಾಂವ ಅಲ್ಲೇನ್ರಿ ಸಾಹೇಬ್ರ? ಹಾರ ನಿಚ್ಚಣಿಕಿಗೆ ಹಾಕತೇನಿ, ತಾಲೀಮ ಆದಂಗ ಆತು" ಅಂದರು. ಹಾಗೆಯೇ ಹಾಕಿದರು. ನೀವು ಗಡಿಯಾರ ನೋಡಿ, "ನಾಲ್ಕು ನಿಮಿಷ, ಬರೋಬರಿ" ಎಂದು ಬರೆದುಕೊಂಡಿರಿ.

ಅವರೆಲ್ಲ ನಿಂತಿದ್ದ ನೆಲವನ್ನು ಎಂಟು ತಿಂಗಳು ರೋಲರ್ ಹೊಡೆದು ಸಮ ಮಾಡಿದವನು ನಾನು. ಅದರ ಮೇಲೆ ನಿಲ್ಲಲು ಯಾರಿಗೂ ಅಡ್ಡಿಯಾಗಲಿಲ್ಲ.

ಆದರೂ ನನ್ನಿಂದ ನಿಮ್ಮ ಕೆಲಸ ನಿಲ್ಲಬಾರದು. ಅದಕ್ಕೇ ನನ್ನಷ್ಟೇ ಎತ್ತರದ ಒಂದು ಕಂಬಕ್ಕೆ ಸುಣ್ಣ ಹಚ್ಚಿ ಶೆಡ್ಡಿನಲ್ಲಿ ಇಟ್ಟಿದ್ದೇನೆ. ನಿಚ್ಚಣಿಕೆಯ ಬುಡದಲ್ಲಿ ಅದನ್ನು ನಿಲ್ಲಿಸಿರಿ. ಗೌಡರು ಅದಕ್ಕೆ ಹಾರ ಹಾಕಲಿ, ದೇವಕ್ಕ ಆರತಿ ಬೆಳಗಲಿ.

ಒಂದೇ ವಿನಂತಿ. ಆ ಕಂಬ ನಮ್ಮ ಕೇರಿಯ ಬೇವಿನ ಮರದ್ದು. ಗೌಡರಿಗೆ ಹೇಳಬೇಡಿರಿ, ತಾಲೀಮು ನಿಂತುಹೋದೀತು.

ಇಂತಿ ನಿಮ್ಮ ಕೆಲಸದವ,
ಶಟ್ಟೆಪ್ಪ