ಹ್ಯಾಂಡಲ್ ಬಿಚ್ಚಿಸಿದ ಮೇಲೆ

ನಮ್ಮ ಮನೆಯವರಿಗೆ,

ಕ್ಷೇಮವೇ ಎಂದು ಕೇಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಜಗಳಕ್ಕೆ ಬರೆಯುತ್ತಿದ್ದೇನೆ. ನೀವಿದ್ದಾಗ ನಾನು ಬಾಯಿ ತೆಗೆದರೆ ಸಾಕು, ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದುಬಿಡುತ್ತಿದ್ದಿರಿ. ಈಗ ಎಲ್ಲಿಗೆ ಹೋಗುತ್ತೀರಿ? ಕೂತು ಪೂರ್ತಿ ಓದಿ.

ಹದಿನೈದು ದಿನದ ಹಿಂದೆ ಸೈಕಲ್ಲನ್ನು ಪಡಸಾಲೆಯಿಂದ ಹೊರಗೆ ತೆಗೆಸಿದೆ. ನೀವು ಬಿದ್ದ ದಿನ ಮಗ ತಂದು ಗೋಡೆಗೆ ಒರಗಿಸಿದ್ದು, ಅಲ್ಲೇ ಇತ್ತು. ಟಯರು ಸೀಳಿದ್ದವು, ಚೈನು ಜೋತು ಬಿದ್ದಿತ್ತು, ಪೆಡಲ್ಲಿನ ರಬ್ಬರು ಸವೆದು ಬರೀ ಕಬ್ಬಿಣ ಉಳಿದಿತ್ತು. ಸೊಸೆ ಗಿರಿಜಾ ಬಾಗಿಲಲ್ಲಿ ನಿಂತು, "ಅತ್ತಿ, ಹಳೇ ಕಬ್ಬಣದವ್ರು ಓಣ್ಯಾಗ ಬಂದಾರ್ರಿ, ಕೊಟ್ಟುಬಿಡೋಣೇನು?" ಅಂದಳು. ನಾನು ತಿರುಗಿ ನೋಡಿದೆ, ಅಷ್ಟೇ. "ಇಲ್ರಿ, ಸುಮ್ನ ಕೇಳ್ದೆ" ಎಂದು ಒಳಗೆ ಹೋದಳು. ನನ್ನಪ್ಪನ ಸೈಕಲ್ಲು ಅದು. ಇಂಗ್ಲೆಂಡಿನಲ್ಲಿ ಮಾಡಿದ್ದು. ಅಪ್ಪ ಕೂಡ್ಲಿಗಿಯ ಸುತ್ತ ಊರೂರು ತುಳಿದು, ನಮ್ಮ ಮದುವೆಯ ದಿನ ಒರೆಸಿ ಮಿಂಚು ಮಾಡಿ, ಹಂದರದಲ್ಲಿ ಎಲ್ಲರೆದುರು ನಿಮ್ಮ ಕೈಗೆ ಕೊಟ್ಟದ್ದು. ಅದನ್ನು ತೂಕಕ್ಕೆ ಹಾಕುವುದೇ? ಸವೆದದ್ದನ್ನೆಲ್ಲ ಬದಲಿಸಿ, ನಿಮ್ಮ ವರ್ಷದ ದಿನದ ಹೊತ್ತಿಗೆ ಅಂಗಳದಲ್ಲಿ ನಿಲ್ಲಿಸಬೇಕೆಂದು ಅವತ್ತೇ ತೀರ್ಮಾನ ಮಾಡಿದೆ.

ನೀವು ಬಿದ್ದ ದಿನ ನನ್ನ ಕಣ್ಣ ಮುಂದೆಯೇ ಇದೆ. ಹೊಲದಿಂದ ಬರುವಾಗ ಸೇತುವೆಯ ತಿರುವಿನಲ್ಲಿ ಸೈಕಲ್ಲು ತಿರುಗದೆ ನೆಟ್ಟಗೆ ಹಳ್ಳಕ್ಕೆ ಇಳಿಯಿತು. ಪಕ್ಕದ ಹೊಲದವನು ನಿಮ್ಮನ್ನು ಹೊತ್ತು ತಂದು, "ಹ್ಯಾಂಡಲ್ ತಿರುಗ್ಲಿಲ್ಲ ಅಂತಾರ್ರಿ ಅವ್ವಾರ" ಅಂದ. ಸೊಂಟದ ಮೂಳೆ ಮುರಿದಿತ್ತು. ಎರಡು ತಿಂಗಳು ಮಲಗಿದಿರಿ, ಏಳಲಿಲ್ಲ. ಹಾಸಿಗೆಯ ಬದಿಗೆ ಕೂತು ನಾನು ಕೇಳಿದ್ದೆ, "ಹ್ಯಾಂಡಲ್ಲು ಯಾರು ಬಿಗಿ ಮಾಡಿದ್ದು? ಆ ಕೊಟ್ರಪ್ಪನೇನು?" ನೀವು ಗೋಡೆಯ ಕಡೆ ಮುಖ ತಿರುಗಿಸಿದಿರಿ. ಸೈಕಲ್ ಅಂಗಡಿಯ ಕೊಟ್ರಪ್ಪ ನಿಮ್ಮ ಬಾಲ್ಯದ ಗೆಳೆಯ, ನಿಮ್ಮ ಸೈಕಲ್ಲು ಮುಟ್ಟಿದ ಒಂದೇ ಕೈ ಅವನದು. ಗೆಳೆಯನನ್ನು ಬಚ್ಚಿಡುತ್ತಿದ್ದೀರಿ ಎಂದುಕೊಂಡೆ. ನನಗೆ ಅಷ್ಟು ಸಾಕಾಯಿತು.

ನಿಮ್ಮದೆಲ್ಲ ಮುಗಿದ ಮೇಲಿನ ಸಂತೆಯ ದಿನ ಅವನ ಅಂಗಡಿಯ ಮುಂದೆ ನಿಂತು ನಾನು ಏನೇನು ಅಂದೆ ಎಂಬುದು ಕೊಟ್ಟೂರಿಗೆಲ್ಲ ಗೊತ್ತು, ನಿಮಗೆ ಮಾತ್ರ ಗೊತ್ತಿಲ್ಲ. "ನಟ್ಟಿಗೆ ಪಾನಾ ಹಿಡಿಯಾಕ ಬರಲಾರದವ ಅಂಗಡಿ ಯಾಕ ಇಟ್ಟಿ? ನಮ್ಮ ಮನೆಯವರನ್ನ ಕೊಂದಿ" ಅಂದೆ. ಅವನು ಒಂದು ಮಾತು ತಿರುಗಿಸಲಿಲ್ಲ. ಸುಮ್ಮನಿದ್ದಾನೆಂದರೆ ತಪ್ಪು ಒಪ್ಪಿಕೊಂಡ ಹಾಗೆ ತಾನೆ? ಅಲ್ಲಿಂದ ಈಚೆಗೆ ನಮ್ಮ ಓಣಿಯ ಸೈಕಲ್ಲುಗಳು ಅವನ ಅಂಗಡಿಗೆ ಹೋಗಲಿಲ್ಲ. ನಾನು ಹೋಗಬೇಡಿ ಅಂದಿರಲಿಲ್ಲ. ನನ್ನ ಮುಖ ನೋಡಿ ಯಾರೂ ಹೋಗಲಿಲ್ಲ.

ಅದಕ್ಕೇ ಈ ಸಲ ಸೈಕಲ್ಲನ್ನು ಗೂಡ್ಸ್ ಆಟೋಕ್ಕೆ ಹಾಕಿಸಿಕೊಂಡು ಹಗರಿಬೊಮ್ಮನಹಳ್ಳಿಗೆ ಹೋದೆ. ಅಲ್ಲಿ ದಾದಾಪೀರ್ ಎಂಬವರು ಹಳೆಯ ಸೈಕಲ್ಲುಗಳ ರಿಪೇರಿ ಬಲ್ಲವರು. ಚೈನು, ಬ್ರೇಕಿನ ರಬ್ಬರು, ಕಡ್ಡಿಗಳು, ಸೀಟಿನ ಸ್ಪ್ರಿಂಗು, ಒಂದೊಂದನ್ನೇ ನೋಡುತ್ತಾ, "ಗಾಡಿ ಭಾರಿ ಐತಿ ಅವ್ವಾರ. ಈಗಿನ ಕಬ್ಬಣ ಇದರ ಮುಂದ ತಗಡು" ಅಂದರು. ನನಗೆ ಹೆಮ್ಮೆಯಾಯಿತು. ಆಮೇಲೆ ಹ್ಯಾಂಡಲ್ಲಿಗೆ ಕೈ ಹಾಕಿದರು. ಅದು ಅಲುಗಲಿಲ್ಲ. ಸೀಮೆಎಣ್ಣೆ ಬಿಟ್ಟು, ಕಾದು, ಬಡಿದು, ಕಡೆಗೆ ಬಿಚ್ಚಿದರು. ಹ್ಯಾಂಡಲ್ಲಿನ ಬುಡದಲ್ಲಿ ಬಟ್ಟಲಿನ ಹಾಗೆ ಎರಡು ಉಕ್ಕಿನ ಕಪ್ ಇರುತ್ತವಲ್ಲ, ಒಳಗೆ ಗುಂಡುಗಳು ಉರುಳಿದರೆ ಹ್ಯಾಂಡಲ್ಲು ತಿರುಗುತ್ತದೆ. ಆ ಗುಂಡುಗಳು ಉರುಳುವುದಿರಲಿ, ಬಿಡಿಬಿಡಿಯಾಗಿಯೂ ಇರಲಿಲ್ಲ. ಕರಿಬೆಲ್ಲದ ಹಾಗೆ ಒಂದೇ ಗಟ್ಟಿ.

"ಬಿಗಿ ಮಾಡಿದ್ರಲ್ಲ? ಅದಕ್ಕ ಹಿಂಗಾಗೈತಿ" ಅಂದೆ.

"ಇಲ್ರೆವ್ವ. ನಟ್ಟು ಸಡ್ಲ ಐತಿ, ನೋಡ್ರಿ. ಇದು ಬಿಗಿ ಅಲ್ಲ, ಹಿಡ್ಕೊಂಡಿದ್ದು." ಬೆರಳಿನಿಂದ ಉಜ್ಜಿ ಮೂಸಿದರು. "ಮಳಿ ನೀರಾಗಿದ್ರ ಬರೇ ತುಕ್ಕು ಇರ್ತಿತ್ತು. ಇದು ಅಂಟು. ಬೂದಿ ಬ್ಯಾರೆ ಐತಿ." ಆ ಗಟ್ಟಿಯಿಂದ ಚಿಮಟಿಗೆಯಲ್ಲಿ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದರು. ತೆಂಗಿನ ನಾರು. "ಯಾರೋ ಅಮಾಸಿ ಅಮಾಸಿಗೆ ಹ್ಯಾಂಡಲ್ ನೆತ್ತಿ ಮ್ಯಾಲೆ ಕಾಯಿನೀರು ಸುರಿದಾರ್ರಿ. ಯಾರು ಪೂಜಿ ಮಾಡ್ತಿದ್ರು?"

"ನಮ್ಮ ಮನೆಯವರು" ಅಂದೆ.

ನಿಮ್ಮ ಮೇಲೆ ಹಾಕಿದೆ. ಸತ್ತವರ ಮೇಲೆ. ಬಾಯಿಂದ ಹಾಗೇ ಬಂತು.

ನಲವತ್ತು ವರ್ಷದ ಮೇಲಾಯಿತು, ಒಂದು ಅಮಾವಾಸ್ಯೆ ತಪ್ಪಿಸಿದವಳಲ್ಲ ನಾನು. ಬೆಳಿಗ್ಗೆ ಸೈಕಲ್ಲು ತೊಳೆದು, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಹಡಗಲಿ ಮಲ್ಲಿಗೆ ಸಿಕ್ಕರೆ ಮೊಳ ಸುತ್ತಿ, ಕಾಯಿ ಒಡೆದು ಮೊದಲ ನೀರು ಹ್ಯಾಂಡಲ್ಲಿನ ನೆತ್ತಿಗೆ. ಬೇರೆಯವರು ಗಾಲಿಯ ಮುಂದೆ ನೆಲಕ್ಕೆ ಬಿಡುತ್ತಾರೆ. ನನ್ನಪ್ಪನ ಸೈಕಲ್ಲಿಗೆ ನೆಲದ ಪಾಲೇಕೆ, ದೇವರಿಗೆ ಅಭಿಷೇಕ ಮಾಡಿದ ಹಾಗೆ ತಲೆಯ ಮೇಲಿಂದಲೇ ಎಂದು ನಾನೇ ಮಾಡಿಕೊಂಡ ಪದ್ಧತಿ. ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ ಎಂದು ಹೈಸ್ಕೂಲಿನ ಪರೀಕ್ಷೆಯಲ್ಲಿ ಪುಟ ತುಂಬ ಬರೆದು ಪಾಸಾದವಳು. ಎಂಥ ಓದು, ಎಂಥ…

ದಾದಾಪೀರರು ಇನ್ನೊಂದು ಮಾತು ಅಂದರು. ನಟ್ಟಿನ ಮೂಲೆಗಳೆಲ್ಲ ಸವೆದು ಉರುಟಾಗಿದ್ದವು. "ಯಾರೋ ಪುಣ್ಯಾತ್ಮ ತಿಂಗಳಿಗೊಮ್ಮೆ ಇದನ್ನ ಬಿಚ್ಚಿ, ಒರೆಸಿ, ಗ್ರೀಸು ತುಂಬ್ಯಾನ್ರಿ. ಇಲ್ಲಾಂದ್ರ ಇದು ಇಷ್ಟು ವರ್ಷ ತಿರುಗ್ತಿರ್ಲಿಲ್ಲ. ಕಡೀಕ ಒಂದು ನಾಕೈದು ಅಮಾಸಿ ಬಿಟ್ಟುಬಿಟ್ಟಾನ, ಅಷ್ಟ."

ಆಗ ನೆನಪಾಯಿತು. ಅಮಾವಾಸ್ಯೆಯ ಮರುದಿನ, ಪಾಡ್ಯದ ದಿನ, ನೀವು ತಪ್ಪದೆ ಕೊಟ್ರಪ್ಪನ ಅಂಗಡಿಗೆ ಹೋಗುತ್ತಿದ್ದಿರಿ. "ಚಾ ಕುಡದು ಬರ್ತೀನಿ" ಅನ್ನುತ್ತಿದ್ದಿರಿ. ಎರಡು ತಾಸಿನ ಚಹಾ, ಜೊತೆಗೆ ಮಿರ್ಚಿ ಬಜ್ಜಿ! ನೀವು ಬೀಳುವ ನಾಲ್ಕೈದು ತಿಂಗಳ ಮುಂಚೆ, ಡಾಕ್ಟರು ಎಣ್ಣೆ ಪದಾರ್ಥ ಬೇಡವೆಂದ ಮೇಲೂ ನಿಮ್ಮ ಮೀಸೆಯಲ್ಲಿ ಮಿರ್ಚಿಯ ಚೂರು ಸಿಕ್ಕಿತು. "ಇನ್ನ ಆ ಅಂಗಡಿ ಮೆಟ್ಟಿಲು ಹತ್ತಿದ್ರ ನನ್ನ ಹೆಣ ನೋಡ್ತೀರಿ" ಎಂದು ಆಣೆ ಇಟ್ಟೆ. ನೀವು "ಆತು ಬಿಡು" ಅಂದಿರಿ. ಆತು ಬಿಡು! ಬೇರೇನೂ ಹೇಳುವುದಿರಲಿಲ್ಲವೇ ನಿಮಗೆ? ಮಿರ್ಚಿ ಬಿಟ್ಟೆ, ಆದರೆ ಹ್ಯಾಂಡಲ್ಲಿಗೆ ಹೋಗಲೇಬೇಕು, ಏಕೆಂದರೆ ನೀನು ಸುರಿಯುವ ನೀರು… ಇಷ್ಟು ಹೇಳಲು ನಿಮ್ಮ ನಾಲಿಗೆಗೆ ಏನಾಗಿತ್ತು?

ಮರುದಿನವೇ ಸಂತೆ, ಕೊಟ್ರಪ್ಪನ ಅಂಗಡಿಗೆ ಹೋದೆ. ಬೈದದ್ದು ಸಂತೆಯ ದಿನ, ಜನರ ಎದುರಿಗೆ. ಇದನ್ನೂ ಹಾಗೆಯೇ ಹೇಳಬೇಕೆಂದು ಸಂತೆ ತುಂಬುವ ಹೊತ್ತಿಗೇ ಹೋದೆ. ಅವನು ಗಾಲಿಯ ಸೊಟ್ಟ ತೆಗೆಯುತ್ತಾ ಕೂತಿದ್ದ. ತಲೆ ಎತ್ತಿ, "ಬರ್ರಿ ಅಕ್ಕಾರ. ಮತ್ತ ಬೈಯಾಕ ಬಂದ್ರೇನು? ಕುಂತು ಬೈರಿ, ನಿಮಗೂ ಮೊಣಕಾಲು ನೋವು" ಅಂದ. ಪಕ್ಕದ ಹೂವಿನವಳು ಕಿಸಕ್ಕನೆ ನಕ್ಕಳು. ನಾನು ಕೂರಲಿಲ್ಲ.

"ಎಲ್ಲಾರು ಕೇಳ್ರಿ" ಅಂದೆ. "ಹೋದ ವರ್ಷ ಇಲ್ಲೇ ನಿಂತು ನಾನು ಅಂದಿದ್ದು ಸುಳ್ಳು. ಹ್ಯಾಂಡಲ್ ಹಿಡ್ಕೊಂಡಿದ್ದು ನಾನು ಸುರಿದ ಕಾಯಿನೀರಿಗೆ. ಇವನ ಕೈ ತಪ್ಪು ಏನೂ ಇಲ್ಲ."

ಕೊಟ್ರಪ್ಪ ಗಾಲಿ ತಿರುಗಿಸುತ್ತಲೇ, "ಗೊತ್ತಿತ್ತು" ಅಂದ.

"ಗೊತ್ತಿತ್ತೇನು? ಮತ್ತ ಬಾಯಾಗ ಏನಿಟ್ಕೊಂಡಿದ್ದಿ ಅವತ್ತು?"

"ಅಣ್ಣಾರು ಮಾತು ತಗೊಂಡಿದ್ರು. 'ಅವರಪ್ಪನ ಸೈಕಲ್ಲು ಅಂತ ಪ್ರೀತಿಲೆ ಪೂಜಿ ಮಾಡ್ತಾಳ, ಬ್ಯಾಡ ಅಂದ್ರ ನೊಂದ್ಕೊಂತಾಳ. ತಿಂಗಳಿಗೊಮ್ಮಿ ನೀನ ಒರೆಸಿಬಿಡು, ಆಕಿಗೆ ಮಾತ್ರ ಹೇಳಬ್ಯಾಡ' ಅಂದಿದ್ರು. ಸತ್ತವ್ರಿಗೆ ಕೊಟ್ಟ ಮಾತು ಹೆಂಗ ಮುರೀಲಿ?"

ನಿಮ್ಮಿಬ್ಬರ ಮಾತಿಗೆ ಬೆಂಕಿ ಬೀಳಲಿ. ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿದ್ದು ಅವನನ್ನು ಕಾಯುವುದಕ್ಕಲ್ಲ, ನನ್ನನ್ನು. ಕಾಯಿರಿ ಎಂದು ಯಾರು ಕೇಳಿದ್ದರು? ನೀವು ಹೇಳಿದ್ದರೆ ಏನಾಗುತ್ತಿತ್ತು? ಎರಡು ದಿನ ಮಾತು ಬಿಡುತ್ತಿದ್ದೆ. ತಟ್ಟೆ ಕುಕ್ಕಿ ಇಡುತ್ತಿದ್ದೆ. ಮೂರನೆಯ ದಿನ ನನಗೇ ಬುದ್ಧಿ ಬಂದು, ಮುಂದಿನ ಅಮಾವಾಸ್ಯೆಗೆ ನೀರು ನೆಲಕ್ಕೆ ಬಿಡುತ್ತಿದ್ದೆ. ನನ್ನ ಎರಡು ದಿನದ ಮುನಿಸಿಗೆ ಹೆದರಿ ಜೀವವನ್ನೇ ಕಳೆದುಕೊಂಡಿರಲ್ಲ, ನಾನೇನು ಅಷ್ಟು ಭಯ ಹುಟ್ಟಿಸುವವಳೇ? ಇರಬಹುದು. ಗಿರಿಜಾ ಅವತ್ತು ಒಳಗೆ ಓಡಿದ್ದು ನೆನಪಾಗುತ್ತದೆ. ಇದ್ದರೂ ನೀವು ಹೇಳಬೇಕಿತ್ತು. ಹೆಂಡತಿಯನ್ನು ಮೆಚ್ಚಿಸಿ ದಡ್ಡಿಯಾಗಿ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ನನಗೆ ಅದು ಅವಮಾನ.

ಕೊಟ್ರಪ್ಪ ಗಾಲಿಯನ್ನು ನಿಲ್ಲಿಸಿ, "ಗಿರಾಕಿ ಬರ್ಲಿಲ್ಲ, ಅದು ಹೆಂಗೋ ನಡೀತು ಅಕ್ಕಾರ" ಅಂದ. "ಬೈದ್ರಿ, ಅದನ್ನೂ ಮರ್ತೆ. ಆದ್ರ ಮಣ್ಣಿಗೆ ಬಂದಾಗ ಬಾಗಲದಾಗ ನಿಂದ್ರಿಸಿ ವಾಪಸ್ ಕಳಿಸಿದ್ರಲ್ಲ… ಒಂದು ಹಿಡಿ ಮಣ್ಣು ಹಾಕಾಕ ಬಿಡ್ಲಿಲ್ಲ ನೀವು."

ಇದನ್ನು ಮೇಲೆ ಬರೆಯಲಿಲ್ಲ ನಾನು, ಕೈ ಬರಲಿಲ್ಲ. ನಿಮ್ಮ ಮಣ್ಣಿನ ದಿನ ಅವನು ತಲೆಗೆ ಟವಲ್ಲು ಸುತ್ತಿಕೊಂಡು ಬಾಗಿಲಿಗೆ ಬಂದಿದ್ದ. ಮಗನಿಗೆ ಹೇಳಿ ಅವನನ್ನು ವಾಪಸ್ಸು ಕಳಿಸಿದವಳು ನಾನೇ. ಶತ್ರುವಾದರೂ ಮಣ್ಣಿಗೆ ಬಂದವನನ್ನು ನಮ್ಮ ಕಡೆ ಯಾರೂ ತಡೆಯುವುದಿಲ್ಲ. ನಾನು ತಡೆದೆ. ಅಂಗಡಿಯ ಮುಂದೆ ನಾಲ್ಕು ಜನರೆದುರು ಒಪ್ಪಿಕೊಂಡರೆ ತೀರುವ ತಪ್ಪಲ್ಲ ಅದು. "ತಪ್ಪಾತು ಕೊಟ್ರಪ್ಪ" ಅಂದೆ. ಈ ಮಾತನ್ನು ನಿಮಗೂ ಒಂದು ದಿನ ಅಂದವಳಲ್ಲ. ಅವನು ಪರವಾಗಿಲ್ಲ ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ.

ಅವನು ಗಾಲಿಯನ್ನು ಗೋಡೆಗೆ ಒರಗಿಸಿ, "ಆ ಕಪ್ ಯಾರು ಕೂಡಿಸ್ತಾರ?" ಎಂದು ಕೇಳಿದ. ದಾದಾಪೀರರು ಹಡಗಲಿಯಲ್ಲಿ ಒಬ್ಬರ ಅಟ್ಟದ ಮೇಲಿನ ಅದೇ ಕಂಪನಿಯ ಸೈಕಲ್ಲಿನಿಂದ ತೆಗೆಸಿಕೊಡುತ್ತಾರೆ, ಅವರೇ ಕೂಡಿಸುತ್ತಾರೆ ಅಂದೆ. "ಬ್ಯಾಡ. ಅವರು ಉಳಿದಿದ್ದು ಮಾಡ್ಲಿ. ಆ ಕಪ್ ನಾನ ಕೂಡಿಸ್ತೀನಿ" ಅಂದ. ಕೇಳಿದ್ದಲ್ಲ, ಹೇಳಿದ್ದು. ನನಗೆ ಅಪ್ಪಣೆ ಮಾಡುವವರು ನಮ್ಮೂರಲ್ಲಿ ಯಾರಿದ್ದಾರೆ? ಆದರೂ ತಲೆಯಾಡಿಸಿದೆ.

ಇವತ್ತು ಭಾನುವಾರ, ಬೆಳಿಗ್ಗೆ ಅಂಗಳದಲ್ಲಿ ಕೂತು ಕೂಡಿಸಿದ. ಹಳೆಯ ಗುಂಡುಗಳನ್ನು ಬಿಸಾಡಿ ಹೊಸವನ್ನು ಒಂದೊಂದಾಗಿ ಗ್ರೀಸಿನಲ್ಲಿ ಒತ್ತಿದ. ನಾನು ಮುಂದಿನ ಗಾಲಿ ಹಿಡಿದು ನಿಂತಿದ್ದೆ. "ಅಲುಗಾಡಬ್ಯಾಡ್ರಿ ಅಕ್ಕಾರ" ಎಂದು ಎರಡು ಸಲ ಗದರಿದ. ಹ್ಯಾಂಡಲ್ಲು ಈಗ ಒಂದು ಬೆರಳಿಗೆ ತಿರುಗುತ್ತದೆ. ಅದನ್ನು ತಿರುಗಿಸಿ ನೋಡಿ ನನ್ನ ಸಿಟ್ಟು ಇಳಿಯಲಿಲ್ಲ, ಹೆಚ್ಚಾಯಿತು. ಇಷ್ಟೇ ಕೆಲಸವಾಗಿತ್ತಲ್ಲ…

ನಾಳೆ ನಿಮ್ಮ ವರ್ಷದ ದಿನ. ಎಡೆ ಹಿಡಿದು ಹೊಲಕ್ಕೆ ಬರುತ್ತೇವೆ. ಮೊದಲು ಕೊಟ್ರಪ್ಪ ಬರುತ್ತಾನೆ, ಮಗ ಸೊಸೆ ನಾನು ಎಲ್ಲ ಅವನ ಹಿಂದೆ. ನಿಮ್ಮ ಸಮಾಧಿಯ ಸುತ್ತಲಿನ ಮಣ್ಣು ಬಿಸಿಲಿಗೆ ಬಂಡೆಯಾಗಿತ್ತು. ಮಧ್ಯಾಹ್ನ ನಾನೇ ಹೋಗಿ, ಗುದ್ದಲಿಯಿಂದ ಒಂದು ಬುಟ್ಟಿಯಷ್ಟು ಸಡಿಲ ಮಾಡಿ, ಹೆಂಟೆ ಒಡೆದು, ಕಲ್ಲು ಆರಿಸಿ ಬಂದಿದ್ದೇನೆ. ವಯಸ್ಸಾದವನು, ಅವನ ಕೈಗೆ ಹಿಡಿ ತುಂಬ ಸಿಗಬೇಕು.

ಇನ್ನೂ ಸಿಟ್ಟಿನಲ್ಲಿರುವ,
ಗೌರಮ್ಮ